ಒಂದು ಗಂಟೆಯ ಸಂವಾದ, ಆರು ತಿಂಗಳ ತಯಾರಿ: ಸ್ವತಂತ್ರ ಪುಸ್ತಕದಂಗಡಿಗಳು ಹೊಸ ಕಾದಂಬರಿಯನ್ನು ಓದುಗರಿಗೆ ತಲುಪಿಸುವ ಬಗೆ

ಐವತ್ತು ಕುರ್ಚಿ ಹಾಕಿದ್ದಾರೆ, ಬಂದವರು ಒಂಬತ್ತು ಜನ. ಅವರಲ್ಲಿ ಇಬ್ಬರು ಲೇಖಕರ ಮನೆಯವರು, ಒಬ್ಬರು ಮಳೆ ಬಂತೆಂದು ಒಳಗೆ ನಿಂತವರು. ಪುಸ್ತಕದಂಗಡಿ ನಡೆಸುವ ಯಾರಿಗೂ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಕಾರಣ ಹುಡುಕುತ್ತೇವೆ. ಮಳೆ, ಟೀವಿಯಲ್ಲಿ ಪಂದ್ಯ, ಈಗಿನವರು ಎಲ್ಲಿ ಓದ್ತಾರೆ ಎಂಬ ಹಳೇ ರಾಗ. ನಿಜವಾದ ಕಾರಣ ಹೆಚ್ಚಿನ ಸಲ ಅಂಗಡಿಯ ಒಳಗೇ ಇರುತ್ತದೆ. ಪೋಸ್ಟರ್ ಅಂಟಿಸಿದ್ದು ಹತ್ತು ದಿನ ಮುಂಚೆ. ಅಂಗಡಿಯ ಸಿಬ್ಬಂದಿಯಲ್ಲಿ ಒಬ್ಬರೂ ಆ ಕಾದಂಬರಿ ಓದಿಲ್ಲ. ಯಾವ ಗಿರಾಕಿಗೆ ಅದು ಹಿಡಿಸಬಹುದು ಎಂದು ಯಾರೂ ಯೋಚಿಸಿಲ್ಲ.

ಹಾಗಾಗಿ ನಾನು ಕಾರ್ಯಕ್ರಮದಿಂದ ಶುರುಮಾಡುವುದಿಲ್ಲ. ಅದಕ್ಕೆ ಆರು ತಿಂಗಳು ಹಿಂದಕ್ಕೆ ಹೋಗೋಣ.

ಮೊದಲು ಅಂಗಡಿಯ ಲೆಕ್ಕ ನೋಡಿ. ಕಪಾಟುಗಳಲ್ಲಿ ಏಳೆಂಟು ಸಾವಿರ ಪುಸ್ತಕ ಹಿಡಿಯುತ್ತವೆ ಅಂದುಕೊಳ್ಳಿ. ಹೊಸದೊಂದು ಕೂರಬೇಕಾದರೆ ಹಳೆಯದೊಂದು ಏಳಬೇಕು. ಬೆಲೆಯ ವಿಷಯದಲ್ಲಿ ಆನ್‌ಲೈನ್ ದೈತ್ಯರ ಜತೆ ಸೆಣಸಲು ಆಗುವುದಿಲ್ಲ. ಫ್ರಾನ್ಸಿನಲ್ಲಿ 1981ರ ಕಾನೂನಿನ ಪ್ರಕಾರ ಹೊಸ ಪುಸ್ತಕಕ್ಕೆ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ, ಆದ್ದರಿಂದ ಅಲ್ಲಿ ಸಣ್ಣ ಅಂಗಡಿಯೂ ದೊಡ್ಡದೂ ಬೆಲೆಯಲ್ಲಿ ಹೆಚ್ಚುಕಡಿಮೆ ಸಮ. ಅಂಥ ಕಾನೂನು ಇಲ್ಲದ ಕಡೆ ಸಣ್ಣ ಅಂಗಡಿಯ ಕೈಯಲ್ಲಿ ಉಳಿಯುವುದು ಎರಡೇ: ಈ ಪುಸ್ತಕ ಯಾರಿಗೆ ಹಿಡಿಸುತ್ತದೆ ಎಂಬ ತಿಳಿವಳಿಕೆ, ಮತ್ತು ಲೇಖಕರನ್ನು ಎದುರಿಗೆ ಕೂರಿಸುವ ಜಾಗ. ಎರಡನೆಯದು ಫಲ ಕೊಡಬೇಕಾದರೆ ಮೊದಲನೆಯದು ಇರಲೇಬೇಕು.

ದೊಡ್ಡ ಪ್ರಕಾಶಕರು ಮುಂದಿನ ಹಂಗಾಮಿನ ಪಟ್ಟಿಯನ್ನು ಐದಾರು ತಿಂಗಳು ಮುಂಚೆಯೇ ತೋರಿಸುತ್ತಾರೆ. ಮೂರರಿಂದ ಆರು ತಿಂಗಳು ಮುಂಚೆ ಮುಂಗಡ ಪ್ರತಿಗಳು ಬರುತ್ತವೆ. ಕರಡು ತಿದ್ದುವಿಕೆ ಇನ್ನೂ ಮುಗಿಯದ, ಮಾರಾಟಕ್ಕಲ್ಲ ಎಂದು ಅಚ್ಚಾದ ಪ್ರತಿಗಳು ಅವು. ಈಗ ಹೆಚ್ಚಿನವು ನೆಟ್‌ಗ್ಯಾಲಿ, ಎಡೆಲ್‌ವೈಸ್‌ನಂಥ ತಾಣಗಳಲ್ಲಿ ಡಿಜಿಟಲ್ ರೂಪದಲ್ಲಿ ಸಿಗುತ್ತವೆ. ಎಲ್ಲವನ್ನೂ ಓದಲು ಯಾರಿಂದಲೂ ಆಗದು, ಓದಬೇಕಾಗಿಯೂ ಇಲ್ಲ. ಐವತ್ತು ಪುಟ ಓದಿ, ಆಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮಲ್ಲಿಗೆ ಬರುವ ಯಾವ ಮೂವರಿಗೆ ಇದನ್ನು ಕೊಡುತ್ತೇನೆ? ಗಿರಾಕಿಗಳ ಮೂರು ಮುಖಗಳು ಕಣ್ಣಮುಂದೆ ಬಂದರೆ ಪೂರ್ತಿ ಓದಿ. ಬರದಿದ್ದರೆ ಪುಸ್ತಕ ಎಷ್ಟೇ ಒಳ್ಳೆಯದಿರಲಿ, ನಿಮ್ಮ ಅಂಗಡಿ ಅದರ ಮುಂದಾಳಾಗುವುದು ಬೇಡ. ಎರಡು ಪ್ರತಿ ತರಿಸಿ, ಕಪಾಟಿನಲ್ಲಿ ಇಡಿ, ಸಾಕು.

ಓದಿದವರು ಅರ್ಧ ಪುಟ ಬರೆದಿಡಬೇಕು. ಅದು ವಿಮರ್ಶೆಯಾಗಬೇಕಿಲ್ಲ, ಕೆಲಸದ ಟಿಪ್ಪಣಿಯಾದರೆ ಸಾಕು. ಯಾರಿಗೆ ಹಿಡಿಸುತ್ತದೆ, ಯಾರಿಗೆ ಹಿಡಿಸುವುದಿಲ್ಲ, ಎಷ್ಟನೇ ಪುಟದಲ್ಲಿ ಕಥೆ ಹಿಡಿತಕ್ಕೆ ಬರುತ್ತದೆ, ಓದುಗರಿಗೆ ಮುಂಚಿತವಾಗಿ ಹೇಳಿಬಿಡಬೇಕಾದ ಕ್ರೌರ್ಯವೋ ಸಾವೋ ಇದೆಯೇ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಗುವನ್ನು ಕಳೆದುಕೊಂಡ ಒಬ್ಬರಿಗೆ, ಗೊತ್ತಿಲ್ಲದೆ, ಅದೇ ವಸ್ತುವಿನ ಕಾದಂಬರಿ ಕೈಗಿಟ್ಟರೆ ಆ ಓದುಗರು ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

ಎಷ್ಟು ಪ್ರತಿ ತರಿಸಬೇಕು? ಪ್ರಕಾಶಕರ ಪ್ರತಿನಿಧಿ ‘ಇದು ಕಳೆದ ವರ್ಷದ ಆ ದೊಡ್ಡ ಪುಸ್ತಕದ ಹಾಗೇ ಓಡುತ್ತೆ’ ಅನ್ನುತ್ತಾರೆ. ಅದು ಅವರ ಕೆಲಸ, ಹೇಳಲಿ. ನೀವು ನೋಡಬೇಕಾದದ್ದು ನಿಮ್ಮದೇ ಬಿಲ್ಲಿಂಗ್ ದಾಖಲೆ: ಇದೇ ಬಗೆಯ, ಕಳೆದ ಎರಡು ಮೂರು ವರ್ಷಗಳಲ್ಲಿ ಬಂದ ಮೂರು ಕಾದಂಬರಿಗಳು ನಿಮ್ಮಲ್ಲಿ ಮೊದಲ ಎಂಟು ವಾರದಲ್ಲಿ ಎಷ್ಟು ಹೋದವು? ಆ ಮೂರರಲ್ಲಿ ನಡುವಿನ ಸಂಖ್ಯೆ ನಿಮ್ಮ ಮೊದಲ ಆರ್ಡರ್. ಮರು ಆರ್ಡರ್ ಎರಡು ಮೂರು ದಿನದಲ್ಲಿ ಬರುವಂತಿದ್ದರೆ ಇನ್ನೂ ಕಡಿಮೆ ಮಾಡಿ. ಎರಡು ವಾರ ಹಿಡಿಯುವಂತಿದ್ದರೆ ಸ್ವಲ್ಪ ಏರಿಸಿ, ಯಾಕೆಂದರೆ ಪತ್ರಿಕೆಯಲ್ಲಿ ಪುಸ್ತಕದ ಮಾತು ಬಂದ ವಾರವೇ ನಿಮ್ಮಲ್ಲಿ ಪ್ರತಿ ಇಲ್ಲದಿದ್ದರೆ ಆಮೇಲೆ ಬಂದು ಪ್ರಯೋಜನವಿಲ್ಲ.

ಮಾರಾಟವಾಗದ್ದನ್ನು ಪ್ರಕಾಶಕರಿಗೆ ಹಿಂದಿರುಗಿಸುವ ಪದ್ಧತಿ ಇದೆಯಲ್ಲ, ಅದು ಅಮೆರಿಕದಲ್ಲಿ 1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಬೇರೂರಿದ್ದು. ಅಂಗಡಿಗಳು ಹೆದರಿ ಪುಸ್ತಕ ಕೊಳ್ಳುವುದನ್ನೇ ನಿಲ್ಲಿಸಿದಾಗ ಪ್ರಕಾಶಕರು ಕೊಟ್ಟ ಧೈರ್ಯ ಅದು. ಆದರೆ ಹಿಂದಿರುಗಿಸಬಹುದು ಅಂದರೆ ಪುಕ್ಕಟೆ ಅಂತಲ್ಲ. ಸಾಗಣೆ ನಿಮ್ಮ ತಲೆಮೇಲೆ, ಮೂಲೆ ಮಡಚಿದ ಪ್ರತಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಅಷ್ಟು ದಿನ ಹಣವೂ ಜಾಗವೂ ಅದರಲ್ಲೇ ಸಿಕ್ಕಿಕೊಂಡಿರುತ್ತದೆ.

ಈಗ ಕಪಾಟಿನ ಹತ್ತಿರ ಬರೋಣ. ಪುಸ್ತಕದ ಕೆಳಗೆ ಅಂಗಡಿಯವರು ಕೈಯಾರೆ ಬರೆದು ಸಿಕ್ಕಿಸುವ ಸಣ್ಣ ಚೀಟಿ ನೀವು ನೋಡಿರುತ್ತೀರಿ. ಶೆಲ್ಫ್ ಟಾಕರ್ ಅನ್ನುತ್ತಾರೆ. ನಾಲ್ಕು ಸಾಲಿನ ಈ ಚೀಟಿಯಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಸಾಧನ ಅಂಗಡಿಯಲ್ಲಿ ಇಲ್ಲ. ಅದನ್ನು ಕೆಡಿಸುವುದೂ ಅಷ್ಟೇ ಸುಲಭ. ಒಂದು ಮಾದರಿ ಹೇಳುತ್ತೇನೆ: ‘ಮನಮುಟ್ಟುವ, ಅದ್ಭುತ ಕಾದಂಬರಿ. ಎಲ್ಲರೂ ಓದಲೇಬೇಕು.’ ಈ ಚೀಟಿಯನ್ನು ಎತ್ತಿ ಪಕ್ಕದ ಪುಸ್ತಕಕ್ಕೆ ಸಿಕ್ಕಿಸಿದರೂ ನಡೆಯುತ್ತದೆ. ಅಂದಮೇಲೆ ಅದು ಯಾವ ಪುಸ್ತಕದ್ದೂ ಅಲ್ಲ. ಇನ್ನೊಂದು ನೋಡಿ: ‘ಇಬ್ಬರು ಅಕ್ಕತಂಗಿಯರು ಅಪ್ಪನ ಮನೆ ಖಾಲಿ ಮಾಡುತ್ತಾರೆ, ಒಟ್ಟು ನಾಲ್ಕು ದಿನ. ನಡೆಯುವುದು ಇಷ್ಟೇ. ಆದರೆ ಪ್ರತಿ ಪೆಟ್ಟಿಗೆ ತೆಗೆದಾಗಲೂ ಒಬ್ಬಳು ಹೇಳಿದ್ದು ಸುಳ್ಳಾಗುತ್ತ ಹೋಗುತ್ತದೆ. ಮೊದಲ ಮೂವತ್ತು ಪುಟ ನಿಧಾನ, ತಾಳಿಕೊಳ್ಳಿ. ಒಡಹುಟ್ಟಿದವರ ಜತೆ ಮಾತು ಬಿಟ್ಟವರಿಗೆ.’ ಕೆಳಗೆ ಬರೆದವರ ಹೆಸರು. ಇಲ್ಲಿ ಪುಸ್ತಕದ ದೋಷವನ್ನೂ ಹೇಳಿದ್ದಾರೆ, ಅದರಿಂದಲೇ ಉಳಿದ ಮಾತು ನಂಬಿಕೆಗೆ ಬರುತ್ತದೆ.

ಚೀಟಿ ನಲವತ್ತು ಪದ ದಾಟಬಾರದು. ಮೊದಲ ಸಾಲು ಒಂದೂವರೆ ಮೀಟರ್ ದೂರದಿಂದ ಓದಲು ಬರಬೇಕು. ಬೆನ್ನುಡಿಯಲ್ಲಿರುವ ಕಥಾಸಾರವನ್ನು ಮತ್ತೆ ಬರೆಯಬೇಡಿ, ಪುಸ್ತಕ ಕೈಗೆ ಬಂದಮೇಲೆ ಹೇಗೂ ಓದುತ್ತಾರೆ. ಹೆಸರಿಲ್ಲದ ಚೀಟಿ ಜಾಹೀರಾತು ಅನ್ನಿಸುತ್ತದೆ, ಹೆಸರಿದ್ದರೆ ಎರಡನೇ ಸಲ ಬಂದವರು ‘ಇದನ್ನು ಬರೆದವರ ಇನ್ನೊಂದು ಸಲಹೆ ಯಾವುದು?’ ಎಂದು ಕೇಳುತ್ತಾರೆ. ಒಂದು ಕಪಾಟಿಗೆ ಮೂರು ನಾಲ್ಕಕ್ಕಿಂತ ಹೆಚ್ಚು ಚೀಟಿ ಬೇಡ. ಎಲ್ಲ ಪುಸ್ತಕವೂ ಕೂಗಿಕೊಂಡರೆ ಯಾವುದೂ ಕೇಳಿಸುವುದಿಲ್ಲ. ಪ್ರತಿ ಖಾಲಿಯಾದಾಗ ಚೀಟಿ ತೆಗೆಯಲು ಮರೆತರೆ ಅದು ಪಕ್ಕದ ಪುಸ್ತಕದ ಕೆಳಗೆ ಅನಾಥವಾಗಿ ನಿಲ್ಲುತ್ತದೆ. ವಾರಕ್ಕೊಮ್ಮೆ ಒಬ್ಬರು ಹೋಗಿ ನೋಡಬೇಕು.

ಪುಸ್ತಕವನ್ನು ಬೆನ್ನು ಕಾಣುವಂತೆ ಇಡುವುದಕ್ಕೂ ಮುಖಪುಟ ಕಾಣುವಂತೆ ಇಡುವುದಕ್ಕೂ ಅಜಗಜಾಂತರ. ಮುಖ ತೋರಿಸಿದ ಒಂದು ಪುಸ್ತಕ ಐದಾರು ಬೆನ್ನುಗಳ ಜಾಗ ತಿನ್ನುತ್ತದೆ. ಹಾಗಾಗಿ ಅದರ ಹಿಂದೆ ಕಡೇಪಕ್ಷ ಮೂರು ಪ್ರತಿ ಇರಲಿ. ಇಲ್ಲದಿದ್ದರೆ ಒಂದು ಮಾರಾಟವಾದ ಕೂಡಲೇ ಕಪಾಟಿನಲ್ಲಿ ಬಾಯಿ ತೆರೆದ ಖಾಲಿ ಜಾಗ. ಮೇಜಿನ ಮೇಲೆ ಐದರಿಂದ ಏಳು ಪ್ರತಿಗಳ ರಾಶಿ ಸಾಕು. ಒಂದೇ ಪ್ರತಿ ಇದ್ದರೆ ಉಳಿದುಹೋದದ್ದು ಅನ್ನಿಸುತ್ತದೆ, ಇಪ್ಪತ್ತಿದ್ದರೆ ಯಾರೂ ಕೊಳ್ಳುತ್ತಿಲ್ಲ ಅನ್ನಿಸುತ್ತದೆ. ತೀರಾ ಅಂಚು ಸರಿಮಾಡಿ ಇಟ್ಟಿಗೆಯಂತೆ ಜೋಡಿಸಿದ ರಾಶಿಯನ್ನು ಕದಲಿಸಲು ಜನ ಹಿಂಜರಿಯುತ್ತಾರೆ. ಮೇಲಿನದನ್ನು ಸ್ವಲ್ಪ ಓರೆ ಮಾಡಿಡಿ. ಆ ಮೇಜೂ ಬಾಗಿಲಿಗೆ ಒತ್ತಿಕೊಂಡಿರಬಾರದು. ಒಳಗೆ ಬಂದವರು ಮೊದಲ ಕೆಲವು ಹೆಜ್ಜೆ ಕಣ್ಣು ಹೊಂದಿಸಿಕೊಳ್ಳುತ್ತ, ಕೊಡೆ ಮಡಚುತ್ತ ನಡೆದುಬಿಡುತ್ತಾರೆ. ಅಲ್ಲಿಟ್ಟದ್ದು ಅವರಿಗೆ ಕಾಣುವುದೇ ಇಲ್ಲ.

ಇನ್ನು ಮಾತು. ‘ಯಾವ ಥರದ ಪುಸ್ತಕ ಬೇಕು?’ ಅಂತ ಕೇಳಬೇಡಿ, ಜನರಿಗೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ‘ಈಚೆಗೆ ಓದಿದ್ದರಲ್ಲಿ ಯಾವುದನ್ನು ಕೆಳಗಿಡಲು ಆಗಲಿಲ್ಲ?’ ಅಂತ ಕೇಳಿ. ಉತ್ತರದಲ್ಲಿ ಅವರು ಪುಸ್ತಕದ ಹೆಸರಿಗಿಂತ ಅದರಲ್ಲಿ ಏನು ಹಿಡಿಸಿತು ಎಂದು ಹೇಳುವ ಮಾತಿಗೆ ಕಿವಿಗೊಡಿ. ‘ಆ ಊರಲ್ಲೇ ಇದ್ದ ಹಾಗಿತ್ತು’ ಅಂದರೆ ಅವರಿಗೆ ಬೇಕಿರುವುದು ಸ್ಥಳ. ‘ಆ ಮುದುಕಿಯನ್ನು ಮರೆಯೋಕಾಗಲಿಲ್ಲ’ ಅಂದರೆ ಪಾತ್ರ. ‘ಒಂದೇ ರಾತ್ರೀಲಿ ಮುಗಿಸಿದೆ’ ಅಂದರೆ ಓಟ. ನಂತರ ಮೂರು ಪುಸ್ತಕ ತೆಗೆಯಿರಿ: ಅವರು ಹೇಳಿದ್ದಕ್ಕೆ ತೀರಾ ಹತ್ತಿರದ್ದೊಂದು, ಸ್ವಲ್ಪ ಆಚೆಯದೊಂದು, ಅವರು ತಾವಾಗಿ ಎಂದೂ ಮುಟ್ಟದ ಹೊಸ ಕಾದಂಬರಿಯೊಂದು. ಒಂದೊಂದಕ್ಕೂ ಎರಡು ವಾಕ್ಯ. ಬೆರಳು ತೋರಿಸಿದರೆ ಸಾಲದು, ಕೈಗೆ ಕೊಡಿ. ಆಮೇಲೆ ಅಲ್ಲಿಂದ ಸರಿದುಬಿಡಿ. ಪಕ್ಕದಲ್ಲೇ ನಿಂತರೆ ಅವರು ಓದುವುದಿಲ್ಲ, ಮರ್ಯಾದೆಗೆ ಪುಟ ತಿರುವುತ್ತಾರೆ. ಓದದ ಪುಸ್ತಕವನ್ನು ಓದಿದೆ ಅನ್ನಲೇಬೇಡಿ. ‘ನಾನಿನ್ನೂ ಓದಿಲ್ಲ, ನಮ್ಮ ಜತೆಯವರು ಮೂರು ದಿನದಿಂದ ಇದರದೇ ಮಾತಾಡ್ತಿದ್ದಾರೆ’ ಎಂದರೂ ಪುಸ್ತಕ ಮಾರಾಟವಾಗುತ್ತದೆ.

ಬಿಡುಗಡೆಗೆ ಎಂಟು ವಾರವಿರುವಾಗ ಮುಂಗಡ ಆರ್ಡರ್ ತೆರೆಯಿರಿ. ಮುಂಗಡವಾಗಿ ಕೊಂಡದ್ದೆಲ್ಲ ಮೊದಲ ವಾರದ ಮಾರಾಟದ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಮಾರಾಟದ ಪಟ್ಟಿಗೆ ಹತ್ತುವ ಕಾದಂಬರಿಗೆ ಆ ಒಂದು ವಾರವೇ ಏಣಿ. ನಿಮಗಂತೂ ಎಷ್ಟು ತರಿಸಬೇಕೆಂಬ ಅಂದಾಜು ಅಲ್ಲೇ ಸಿಕ್ಕಿಬಿಡುತ್ತದೆ. ಆದರೆ ಸುಮ್ಮನೆ ‘ಮುಂಗಡವಾಗಿ ಕೊಳ್ಳಿ’ ಅಂದರೆ ಯಾರು ಕೊಳ್ಳುತ್ತಾರೆ? ಹೆಸರು ಬರೆದು ಸಹಿ ಹಾಕಿಸಿಕೊಡುತ್ತೇವೆ ಅನ್ನಿ, ಕೊಳ್ಳುತ್ತಾರೆ. ಲೇಖಕರು ದೂರದಲ್ಲಿದ್ದರೆ ಸಹಿ ಮಾಡಿದ ಅಂಟುಚೀಟಿಗಳನ್ನು ಅಂಚೆಯಲ್ಲಿ ತರಿಸಿ ಮೊದಲ ಪುಟಕ್ಕೆ ಅಂಟಿಸಬಹುದು. ಎಪ್ಪತ್ತು ಚೀಟಿಯ ಲಕೋಟೆ, ಎಪ್ಪತ್ತು ಪುಸ್ತಕದ ಪೆಟ್ಟಿಗೆಗಿಂತ ಎಷ್ಟೋ ಅಗ್ಗ. ಹೆಸರುಗಳ ಕಾಗುಣಿತವನ್ನು ಮಾತ್ರ ಆರ್ಡರ್ ತೆಗೆದುಕೊಳ್ಳುವಾಗಲೇ ಬರೆಸಿಕೊಳ್ಳಿ, ಫೋನಿನಲ್ಲಿ ಕೇಳಿ ಬರೆದ ಹೆಸರು ಹತ್ತರಲ್ಲಿ ಒಂದಾದರೂ ತಪ್ಪಿರುತ್ತದೆ.

ಮುಂಗಡ ಆರ್ಡರ್ ಹೊಸ ಕಾಲದ ಉಪಾಯ ಅಂತ ಯಾರಾದರೂ ಅಂದರೆ, ನೂರು ವರ್ಷ ಹಿಂದಿನ ಪ್ಯಾರಿಸ್ ನೆನಪಿಸಿ. ಸಿಲ್ವಿಯಾ ಬೀಚ್ 1919ರಲ್ಲಿ ಅಲ್ಲಿ ಶೇಕ್ಸ್‌ಪಿಯರ್ ಅಂಡ್ ಕಂಪನಿ ಎಂಬ ಅಂಗಡಿ ತೆರೆದರು. ಬೇರೆ ಪ್ರಕಾಶಕರು ಹಿಂಜರಿದ ಜೇಮ್ಸ್ ಜಾಯ್ಸ್ ಅವರ ‘ಯುಲಿಸೀಸ್’ ಅನ್ನು ತಾವೇ ಪ್ರಕಟಿಸಲು ಹೊರಟಾಗ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಮುಂಗಡವಾಗಿ ಕೊಳ್ಳುವವರಿಗಾಗಿ ಚಂದಾ ಅರ್ಜಿ ಅಚ್ಚುಹಾಕಿಸಿ ಎಲ್ಲೆಡೆ ಕಳಿಸಿದ್ದು. ಒಟ್ಟು 1,000 ಪ್ರತಿ, ಅದರಲ್ಲಿ 100 ಪ್ರತಿಗಳ ಮೇಲೆ ಜಾಯ್ಸ್ ಅವರ ಸಹಿ ಇತ್ತು. 1922ರ ಫೆಬ್ರವರಿ 2ರಂದು ಪುಸ್ತಕ ಬಂತು. ಅದಕ್ಕೂ ಮುಂಚೆ, 1921ರ ಡಿಸೆಂಬರ್ 7ರಂದು, ಅದೇ ಬೀದಿಯಲ್ಲಿದ್ದ ಆಡ್ರಿಯೆನ್ ಮೊನಿಯೆ ಅವರ ಪುಸ್ತಕದಂಗಡಿಯಲ್ಲಿ ಲೇಖಕ ವಲೆರಿ ಲಾರ್ಬೋ ಜಾಯ್ಸ್ ಬಗ್ಗೆ ಉಪನ್ಯಾಸ ಕೊಟ್ಟರು, ಕಾದಂಬರಿಯ ಭಾಗಗಳನ್ನು ಓದಿದರು. ಸಹಿ ಮಾಡಿದ ಪ್ರತಿ, ಮುಂಗಡ ಪಟ್ಟಿ, ಬಿಡುಗಡೆಗೆ ಎಂಟು ವಾರ ಮುಂಚಿನ ಓದು: ಇವತ್ತು ನಾವು ಮಾಡುವುದೆಲ್ಲ ಅಲ್ಲಿದೆ.

ಬಿಡುಗಡೆಯ ದಿನದ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದಲ್ಲಿ ಹೊಸ ಪುಸ್ತಕಗಳು ಸಾಮಾನ್ಯವಾಗಿ ಮಂಗಳವಾರ ಬರುತ್ತವೆ, ಬ್ರಿಟನ್ನಿನಲ್ಲಿ ಗುರುವಾರ. ಪೆಟ್ಟಿಗೆ ಮೂರು ದಿನ ಮುಂಚೆ ಬಂದಿರುತ್ತದೆ. ನಿಮ್ಮ ನಚ್ಚಿನ ಗಿರಾಕಿ ಬಂದು ‘ಹೇಗೂ ಬಂದಿದೆಯಲ್ಲ, ಕೊಟ್ಟುಬಿಡಿ’ ಅನ್ನುತ್ತಾರೆ. ಕೊಡಬೇಡಿ. ದಿನಾಂಕದ ಕಟ್ಟುಪಾಡು ಮುರಿದ ಅಂಗಡಿಗೆ ಮುಂದಿನ ದೊಡ್ಡ ಪುಸ್ತಕ ಎಲ್ಲರಿಗಿಂತ ತಡವಾಗಿ ಬರಬಹುದು. ಅಂಥ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ತಾರೀಕು ಬರೆದು ಒಳಕೋಣೆಯಲ್ಲಿ ಇಡಿ, ಭಾನುವಾರ ಮಾತ್ರ ಕೆಲಸಕ್ಕೆ ಬರುವ ಹುಡುಗರಿಗೂ ಹೇಳಿ. ಹೆಚ್ಚಿನ ಎಡವಟ್ಟು ಆಗುವುದು ಅಲ್ಲೇ.

ಲೇಖಕರನ್ನು ಕರೆಸುವ ಮಾತಿಗೆ ಈಗ ಬರಬಹುದು. ಪ್ರಕಾಶಕರ ಪ್ರಚಾರ ವಿಭಾಗಕ್ಕೆ ನಾಲ್ಕೈದು ತಿಂಗಳು ಮುಂಚೆ ಕೋರಿಕೆ ಹೋಗಬೇಕು. ‘ನಮಗೆ ಈ ಲೇಖಕರು ಅಂದರೆ ತುಂಬಾ ಇಷ್ಟ’ ಎಂಬ ಪತ್ರಗಳು ಅವರ ಮೇಜಿನ ಮೇಲೆ ರಾಶಿ ಇರುತ್ತವೆ. ಅವರಿಗೆ ಬೇಕಾದ್ದು ಅಂಕಿಗಳು: ಎಷ್ಟು ಜನ ಕೂರಬಹುದು, ನಿಮ್ಮ ಇಮೇಲ್ ಪಟ್ಟಿಯಲ್ಲಿ ಎಷ್ಟು ಜನ, ಇಂಥದ್ದೇ ಹಿಂದಿನ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು, ಎಷ್ಟು ಪ್ರತಿ ಹೋದವು, ಸಂವಾದಕ್ಕೆ ಯಾರನ್ನು ಕೂರಿಸುತ್ತೀರಿ. ಇಪ್ಪತ್ತೈದು ಜನ ಬರುತ್ತಾರೆ ಅಂತ ಹೇಳಿ ಮೂವತ್ತು ಜನ ಬರಿಸಿದ ಅಂಗಡಿಯನ್ನು ಅವರು ನೆನಪಿಡುತ್ತಾರೆ. ನೂರು ಅಂತ ಹೇಳಿ ಮೂವತ್ತು ಬರಿಸಿದವರನ್ನೂ ನೆನಪಿಡುತ್ತಾರೆ, ಬೇರೆ ಕಾರಣಕ್ಕೆ.

ಸಂವಾದ ನಡೆಸಿಕೊಡುವವರ ಆಯ್ಕೆಯಲ್ಲಿ ಅರ್ಧ ಗೆಲುವು. ದೊಡ್ಡ ಹೆಸರು ಬೇಕು ಎಂದು ಪುಸ್ತಕ ಓದದವರನ್ನು ಕೂರಿಸಿದರೆ ಹತ್ತು ನಿಮಿಷದಲ್ಲಿ ಅವರು ತಮ್ಮದೇ ಕಥೆ ಶುರುಮಾಡುತ್ತಾರೆ. ಪುಸ್ತಕವನ್ನು ಎರಡು ಸಲ ಓದಿ, ಪುಟದ ಅಂಚಿನಲ್ಲಿ ಗೆರೆ ಎಳೆದುಕೊಂಡು ಬರುವ ಶಾಲಾ ಮೇಷ್ಟರೇ ವಾಸಿ. ಮೊದಲ ಕಾದಂಬರಿ ಬರೆದವರಿಗಾದರೆ, ಆಗಲೇ ಓದುಗರಿರುವ ಇನ್ನೊಬ್ಬ ಕಾದಂಬರಿಕಾರರನ್ನು ಜತೆಗೆ ಕೂರಿಸುವುದು ಒಳ್ಳೆಯ ದಾರಿ. ಜನ ಅವರಿಗಾಗಿ ಬರುತ್ತಾರೆ, ಹೊಸಬರ ಪುಸ್ತಕ ಕೊಂಡು ಹೋಗುತ್ತಾರೆ. ಕಥೆಯನ್ನು ಎಲ್ಲಿಯವರೆಗೆ ಬಿಟ್ಟುಕೊಡಬಹುದು ಎಂದು ಮುಂಚೆಯೇ ಇಬ್ಬರೂ ಒಪ್ಪಿಕೊಂಡಿರಬೇಕು. ಪುಸ್ತಕದ ಮೊದಲ ಮೂರನೇ ಒಂದು ಭಾಗ ದಾಟದಿರುವುದು ರೂಢಿ. ಕೂತವರಲ್ಲಿ ಹೆಚ್ಚಿನವರು ಇನ್ನೂ ಓದಿಲ್ಲ ಅನ್ನುವುದನ್ನು ಮರೆತು ಕೊನೆಯ ಅಧ್ಯಾಯ ಚರ್ಚಿಸಿದರೆ ಮಾರಾಟ ಅಲ್ಲೇ ಮುಗಿಯಿತು.

ಒಟ್ಟು ಒಂದು ಗಂಟೆ. ಪರಿಚಯ ಮೂರು ನಿಮಿಷ, ಪ್ರಶಸ್ತಿಗಳ ಪಟ್ಟಿ ಓದುವುದು ಬೇಡವೇ ಬೇಡ. ಲೇಖಕರ ಓದು ಎಂಟು ನಿಮಿಷ. ಲೇಖಕರು ಇಪ್ಪತ್ತು ನಿಮಿಷ ಓದುತ್ತೇನೆ ಅಂದರೆ ವಿನಯದಿಂದ ತಡೆಯಿರಿ. ಗಟ್ಟಿಯಾಗಿ ಓದಿದ ಗದ್ಯ ಎಂಟು ನಿಮಿಷದ ಮೇಲೆ ಕೇಳುಗರ ಕೈತಪ್ಪುತ್ತದೆ. ಸಂವಾದ ಮೂವತ್ತು, ಸಭಿಕರ ಪ್ರಶ್ನೆ ಹದಿನೈದು. ಮೈಕನ್ನು ಸಭಿಕರ ಕೈಗೆ ಕೊಡದೆ ನಿಮ್ಮವರೇ ಹಿಡಿದುಕೊಳ್ಳಲಿ. ಪ್ರಶ್ನೆಯ ಬದಲು ಭಾಷಣ ಮಾಡುವವರಿಂದ ಅದನ್ನು ವಾಪಸ್ ಪಡೆಯುವುದು ಬಲು ಕಷ್ಟ. ಮೂವತ್ತೇ ಜನ ಇದ್ದರೂ ಮೈಕ್ ಇರಲಿ. ‘ನನ್ನ ದನಿ ಜೋರಿದೆ’ ಎನ್ನುವ ಲೇಖಕರಿಗೆ ಗೊತ್ತಿರುವುದಿಲ್ಲ, ಹಿಂದಿನ ಸಾಲಿನ ಕಿವಿ ಮಂದವಾದವರು ‘ಕೇಳಿಸ್ತಿಲ್ಲ’ ಎಂದು ಕೂಗುವುದಿಲ್ಲ, ಎದ್ದು ಹೋಗುತ್ತಾರೆ.

ಎಷ್ಟು ಕುರ್ಚಿ? ಪುಕ್ಕಟೆ ಕಾರ್ಯಕ್ರಮಕ್ಕೆ ಎಂಬತ್ತು ಜನ ಹೆಸರು ಕೊಟ್ಟರೆ ನಲವತ್ತು ಜನ ಬಂದರು ಅಂತಲೇ ಲೆಕ್ಕ ಹಿಡಿಯಿರಿ. ಪುಸ್ತಕದ ಬೆಲೆ ಸೇರಿದ ಟಿಕೆಟ್ ಇಟ್ಟರೆ ಬರುವವರು ಕಡಿಮೆ, ಆದರೆ ಹೆಸರು ಕೊಟ್ಟವರಲ್ಲಿ ಬಹುಪಾಲು ಬಂದೇ ಬರುತ್ತಾರೆ. ಬಾರದಿದ್ದರೂ ಪುಸ್ತಕ ಮಾರಾಟವಾಗಿದೆ. ಹೆಸರಾಂತ ಲೇಖಕರಿಗೆ ಟಿಕೆಟ್, ಹೊಸಬರಿಗೆ ಪುಕ್ಕಟೆ ಎಂಬುದು ನನ್ನ ಅಭಿಪ್ರಾಯ. ನಲವತ್ತು ಬರುತ್ತಾರೆ ಅಂದುಕೊಂಡರೆ ಇಪ್ಪತ್ತೆಂಟು ಕುರ್ಚಿ ಹಾಕಿ, ಉಳಿದದ್ದು ಗೋಡೆಗೆ ಒರಗಿರಲಿ. ಜನ ಬರುತ್ತಿರುವಂತೆ ಕುರ್ಚಿ ತಂದು ಹಾಕುವುದು ಲೇಖಕರ ಕಣ್ಣಿಗೂ ಹಬ್ಬ.

ಪುಸ್ತಕದ ಲೆಕ್ಕ ಬೇರೆ. ಪುಕ್ಕಟೆ ಸಂಜೆಗಳಲ್ಲಿ ಬಂದವರಲ್ಲಿ ಮೂರರಲ್ಲೊಬ್ಬರು, ಹೆಚ್ಚೆಂದರೆ ಇಬ್ಬರಲ್ಲೊಬ್ಬರು ಕೊಳ್ಳುತ್ತಾರೆ. ನಲವತ್ತು ಜನಕ್ಕೆ ಇಪ್ಪತ್ತು ಪ್ರತಿ, ಅಂಗಡಿಯಲ್ಲಿ ಸಹಿ ಹಾಕಿಸಿ ಇಟ್ಟುಕೊಳ್ಳಲು ಹತ್ತು, ಜತೆಗೆ ಲೇಖಕರ ಹಿಂದಿನ ಪುಸ್ತಕಗಳು ನಾಲ್ಕು ನಾಲ್ಕು. ಹಿಂದಿನ ಪುಸ್ತಕ ತರಿಸಲು ಮರೆಯುವವರೇ ಹೆಚ್ಚು, ಹೊಸದನ್ನು ಆಗಲೇ ಓದಿ ಬಂದ ಅಭಿಮಾನಿ ಕೊಳ್ಳುವುದು ಅದನ್ನೇ. ಪೆಟ್ಟಿಗೆಗಳು ಒಂದು ವಾರ ಮುಂಚೆ ಬಂದಿರಬೇಕು, ಬಂದ ದಿನವೇ ಒಡೆದು ಎಣಿಸಬೇಕು. ಕಾರ್ಯಕ್ರಮದ ದಿನ ಸಂಜೆ ಪೆಟ್ಟಿಗೆ ಒಡೆದರೆ ಒಳಗೆ ಬೇರೆಯೇ ಪುಸ್ತಕ ಇರುವ ಕತೆ ಈ ವ್ಯಾಪಾರದಲ್ಲಿ ಹಳೆಯದು.

ಸಹಿಯ ಸಾಲಿನ ವಿಚಾರ. ಬಿಲ್ ಮೊದಲು, ಸಾಲು ಆಮೇಲೆ. ಸಹಿ ಮೇಜು ಬಾಗಿಲಿನಿಂದ ದೂರ ಇರಲಿ, ಸಾಲು ನಿಂತವರ ಪಕ್ಕದಲ್ಲಿ ಕಪಾಟುಗಳಿರಲಿ. ಕಾಯುವವರ ಕೈ ಸುಮ್ಮನಿರುವುದಿಲ್ಲ, ಇನ್ನೊಂದು ಪುಸ್ತಕ ಎತ್ತಿಕೊಳ್ಳುತ್ತದೆ. ಒಬ್ಬರು ಸಾಲಿನಲ್ಲೇ ಹೋಗಿ ಪ್ರತಿಯೊಬ್ಬರ ಹೆಸರನ್ನು ಅಂಟುಕಾಗದದಲ್ಲಿ ಬರೆದು ಶೀರ್ಷಿಕೆ ಪುಟಕ್ಕೆ ಅಂಟಿಸುತ್ತ ಬರಬೇಕು. ಇನ್ನೊಬ್ಬರು ಲೇಖಕರ ಪಕ್ಕ ನಿಂತು ಅದೇ ಪುಟ ತೆರೆದು ಮುಂದಿಡಬೇಕು. ಹೀಗೆ ಮಾಡಿದರೆ ಒಬ್ಬರಿಗೆ ಮುಕ್ಕಾಲು ನಿಮಿಷ, ಅರವತ್ತು ಜನರಿಗೆ ಮುಕ್ಕಾಲು ಗಂಟೆ. ಮಾಡದಿದ್ದರೆ ಅದರ ಎರಡರಷ್ಟು, ಅಷ್ಟರಲ್ಲಿ ಕೊನೆಯ ಇಪ್ಪತ್ತು ಜನ ಮನೆಗೆ ಹೋಗಿರುತ್ತಾರೆ. ಪೆನ್ನು ನಾಲ್ಕಿರಲಿ, ಹಿಂಬದಿಗೆ ಇಳಿಯದ ಸಣ್ಣ ಮೊನೆಯವು. ಮಿರುಗುವ ನುಣುಪು ಕಾಗದದ ಮೇಲೆ ಮಸಿ ಬೇಗ ಒಣಗುವುದಿಲ್ಲ, ಮುಚ್ಚಿದ ಕೂಡಲೇ ಎದುರು ಪುಟಕ್ಕೆ ಅಂಟುತ್ತದೆ. ಹಿಂದಿನ ದಿನವೇ ಒಂದು ಹಾಳಾದ ಪ್ರತಿಯಲ್ಲಿ ಬರೆದು ನೋಡಿ.

ಬೇರೆ ಕಡೆ ಕೊಂಡ ಪ್ರತಿಯನ್ನು ಸಹಿಗೆ ತರುವವರನ್ನು ಏನು ಮಾಡುವುದು? ಕೆಲವು ಅಂಗಡಿಗಳು ನಮ್ಮಲ್ಲೇ ಕೊಂಡಿರಬೇಕು ಅನ್ನುತ್ತವೆ. ಟಿಕೆಟ್ ಇರುವ ಕಾರ್ಯಕ್ರಮದಲ್ಲಿ ಅದು ಸರಿ, ಟಿಕೆಟ್ಟಿನ ಮೇಲೇ ಬರೆದಿರಬೇಕು. ಪುಕ್ಕಟೆ ಸಂಜೆಯಲ್ಲಿ ಬಾಗಿಲಲ್ಲಿ ಜಗಳ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹದಿನೈದು ವರ್ಷದ ಹಿಂದಿನ ಹರಕು ಪ್ರತಿ ಹಿಡಿದು ಬಂದವರೇ ನಿಜವಾದ ಓದುಗರು. ನಿಮ್ಮಲ್ಲಿ ಕೊಂಡವರಿಗೆ ಸಾಲಿನಲ್ಲಿ ಮೊದಲ ಸರದಿ ಕೊಡಿ, ಅಷ್ಟು ಸಾಕು.

ಮತ್ತೆ ಆ ಒಂಬತ್ತು ಜನರ ಸಂಜೆಗೆ ಬರೋಣ. ಎಲ್ಲ ಮಾಡಿಯೂ ಒಮ್ಮೊಮ್ಮೆ ಒಂಬತ್ತೇ ಜನ ಬರುತ್ತಾರೆ. ಆಗ ಹಿಂದಿನ ಸಾಲಿನ ಕುರ್ಚಿ ತೆಗೆದು ಉಳಿದವನ್ನು ದುಂಡಗೆ ಹಾಕಿ. ವೇದಿಕೆ ಬೇಡ, ಲೇಖಕರೂ ಅದೇ ದುಂಡಿನಲ್ಲಿ ಕೂರಲಿ. ಓದು ಐದು ನಿಮಿಷಕ್ಕೆ ಇಳಿಸಿ, ಬಂದವರನ್ನು ಮಾತಿಗೆಳೆಯಿರಿ. ‘ಕ್ಷಮಿಸಿ, ಇವತ್ತು ಜನ ಕಡಿಮೆ’ ಎಂಬ ಮಾತನ್ನು ಮಾತ್ರ ಆಡಬೇಡಿ, ಅದು ಬಂದ ಒಂಬತ್ತು ಜನರಿಗೆ ಮಾಡುವ ಅವಮಾನ. ಲೇಖಕರು ಹದಿನೈದು ಪ್ರತಿಗಳಿಗೆ ಸಹಿ ಮಾಡಿ ಹೋಗಲಿ, ಅವು ತಿಂಗಳೊಳಗೆ ಹೋಗುತ್ತವೆ.

ಮಾರನೇ ಬೆಳಿಗ್ಗೆಯ ಕೆಲಸ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಂದವರಿಗೆ ಒಂದು ಪತ್ರ, ಬರಲಾಗದವರಿಗೆ ಇನ್ನೊಂದು. ಎರಡನೆಯದರಲ್ಲಿ ‘ಸಹಿ ಮಾಡಿದ ಎಂಟು ಪ್ರತಿ ಉಳಿದಿವೆ’ ಎಂಬ ಒಂದು ಸಾಲು ಇದ್ದರೆ ಅವು ಉಳಿಯುವುದಿಲ್ಲ. ಪ್ರಕಾಶಕರಿಗೆ ಎಷ್ಟು ಜನ ಬಂದರು, ಎಷ್ಟು ಹೋದವು, ಎಷ್ಟಕ್ಕೆ ಸಹಿಯಾಯಿತು ಎಂಬ ಮೂರು ಅಂಕಿ, ಉಬ್ಬಿಸದೆ. ಫೋಟೋ ಕಳಿಸುವಾಗ ಖಾಲಿ ಕುರ್ಚಿ ಕಾಣದ ಕೋನದ್ದನ್ನು ಆರಿಸಿ, ಅಷ್ಟು ಜಾಣತನ ತಪ್ಪಲ್ಲ.

ಇಮೇಲ್ ಪತ್ರದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸಾಮಾಜಿಕ ಜಾಲತಾಣದಲ್ಲಿ ನಿಮ್ಮನ್ನು ಹಿಂಬಾಲಿಸುವವರಲ್ಲಿ ಎಷ್ಟು ಜನಕ್ಕೆ ನಿಮ್ಮ ಮಾತು ಕಾಣಬೇಕೆಂದು ತೀರ್ಮಾನಿಸುವುದು ಆ ಕಂಪನಿ. ಇಮೇಲ್ ಪಟ್ಟಿ ನಿಮ್ಮ ಸ್ವಂತದ್ದು. ಎರಡು ವಾರಕ್ಕೊಂದು ಪತ್ರ, ಅದರಲ್ಲಿ ಹೊಸ ಕಾದಂಬರಿ ಒಂದೇ ಒಂದು, ಓದಿದವರ ಹೆಸರಿನಲ್ಲಿ ಒಂದು ಪ್ಯಾರಾ. ಹನ್ನೆರಡು ಮುಖಪುಟಗಳ ಚಿತ್ರ ತುಂಬಿದ ಪತ್ರವನ್ನು ಜನ ನೋಡುತ್ತಾರೆ, ಓದುವುದಿಲ್ಲ. ಲೇಖಕರ ಜಾಲತಾಣದಲ್ಲಿ ಕೊಳ್ಳುವ ಕೊಂಡಿ ಬರೀ ಆನ್‌ಲೈನ್ ದೈತ್ಯನದ್ದಿದೆ ಎಂದು ಅಂಗಡಿಗಳು ಗೊಣಗುತ್ತವೆ. ಕೋರಿಕೆ ಕಳಿಸುವಾಗಲೇ ನಿಮ್ಮ ಅಂಗಡಿಯ ಕೊಂಡಿಯನ್ನೂ ಹಾಕಿ ಎಂದು ಕೇಳಿ, ಬಹಳ ಲೇಖಕರು ಮರೆತಿರುತ್ತಾರೆ ಅಷ್ಟೇ. ಅಮೆರಿಕದಲ್ಲಿ 2020ರ ಜನವರಿಯಲ್ಲಿ ಶುರುವಾದ ಬುಕ್‌ಶಾಪ್ ಡಾಟ್ ಆರ್ಗ್ ತಾಣದ ಮೂಲಕ, ಸ್ವಂತ ಆನ್‌ಲೈನ್ ವ್ಯವಸ್ಥೆ ಇಲ್ಲದ ಅಂಗಡಿಗಳೂ ಇಂಥ ಕೊಂಡಿ ಕೊಡುವಂತಾಗಿದೆ.

ಓದುಗರ ಬಳಗದ ಸಭೆ ಬಿಡುಗಡೆಯಾದ ಆರೆಂಟು ವಾರದ ಮೇಲೆ ಇಟ್ಟರೆ ಸರಿಹೋಗುತ್ತದೆ, ಆ ಹೊತ್ತಿಗೆ ಕೊಂಡವರು ಓದಿರುತ್ತಾರೆ. ಎಂಟರಿಂದ ಹನ್ನೆರಡು ಜನ, ಅದಕ್ಕಿಂತ ಹೆಚ್ಚಾದರೆ ಮೂವರೇ ಮಾತಾಡುತ್ತಾರೆ. ಲೇಖಕರು ವಿಡಿಯೋದಲ್ಲಿ ಬರುವುದಾದರೆ ಕೊನೆಯ ಅರ್ಧ ಗಂಟೆಗೆ ಮಾತ್ರ ಬರಲಿ. ಬರೆದವರು ಎದುರಿಗಿದ್ದರೆ ‘ನಡುಭಾಗ ಎಳೆದಾಡಿದ ಹಾಗಾಯ್ತು’ ಎಂದು ಯಾರೂ ಹೇಳುವುದಿಲ್ಲ. ಮೊದಲು ಅದನ್ನೆಲ್ಲ ತಮ್ಮೊಳಗೆ ಆಡಿಕೊಂಡಮೇಲೆ ಪ್ರಶ್ನೆಗಳೂ ಹದಕ್ಕೆ ಬಂದಿರುತ್ತವೆ.

ತಮ್ಮ ಪುಸ್ತಕವನ್ನು ತಾವೇ ಪ್ರಕಟಿಸುವ ಲೇಖಕರೂ ಇದನ್ನು ಓದುತ್ತಿರಬಹುದು, ನಿಮಗೆ ಎರಡು ಮಾತು. ವಾರಾಂತ್ಯದ ಜನಜಂಗುಳಿಯಲ್ಲಿ ಪುಸ್ತಕದ ಕಟ್ಟು ಹೊತ್ತು ಅಂಗಡಿಗೆ ಹೋಗಬೇಡಿ. ಮೊದಲು ಬರೆದು ಕೇಳಿ, ಒಂದು ಪ್ರತಿ ಕಳಿಸಿ, ಮೂರು ವಾರ ಬಿಡಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಬಾರ್‌ಕೋಡ್, ಬೆನ್ನಿನ ಮೇಲೆ ಹೆಸರು, ಈ ಮೂರೂ ಇರಬೇಕು. ಬೆನ್ನು ಖಾಲಿ ಇರುವ ಪುಸ್ತಕ ಕಪಾಟಿನಲ್ಲಿ ಇದ್ದೂ ಇಲ್ಲದ ಹಾಗೆ. ಮಾರಾಟವಾದರೆ ಹಣ ಎಂಬ ಕರಾರಿನಲ್ಲಿ ಐದು ಪ್ರತಿ, ಮೂರು ತಿಂಗಳ ಗಡುವು, ಮುಖಬೆಲೆಯ ಸುಮಾರು ಶೇ. 40 ಅಂಗಡಿಗೆ: ಇದು ಸಾಮಾನ್ಯ ಒಪ್ಪಂದ. ಬರಹದಲ್ಲಿರಲಿ.

ಹತ್ತು ಹನ್ನೆರಡು ವಾರ ಕಳೆದಮೇಲೆ ಮೇಜಿನ ಮೇಲಿನ ರಾಶಿಯನ್ನು ಎತ್ತುವ ದಿನ ಬರುತ್ತದೆ. ಹಿಂದಿರುಗಿಸುವ ಗಡುವು ನೋಡಿ, ಎರಡು ಪ್ರತಿ ಉಳಿಸಿಕೊಂಡು ಮಿಕ್ಕದ್ದನ್ನು ಕಳಿಸಿ. ಸಹಿ ಮಾಡಿದ್ದನ್ನು ಕಳಿಸಬೇಡಿ, ಕೆಲವು ಪ್ರಕಾಶಕರು ಅದನ್ನು ಹಾಳಾದ ಪ್ರತಿ ಎಂದೇ ಎಣಿಸುತ್ತಾರೆ. ಉಳಿದೆರಡು ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ನಿಲ್ಲುತ್ತವೆ, ಕೆಳಗೆ ಅದೇ ಚೀಟಿ. ಮೊದಲ ಎಂಟು ವಾರದ ಮಾರಾಟ, ಬಂದವರ ಸಂಖ್ಯೆ, ಯಾರು ಯಾರು ಕೊಂಡರು ಎಂಬ ಪಟ್ಟಿ, ಇವನ್ನು ಒಂದು ಹಾಳೆಯಲ್ಲಿ ಬರೆದು ಲೇಖಕರ ಹೆಸರಿನ ಕಡತಕ್ಕೆ ಸೇರಿಸಿ. ಎರಡೋ ಮೂರೋ ವರ್ಷದ ಮೇಲೆ ಅದೇ ಲೇಖಕರ ಮುಂದಿನ ಕಾದಂಬರಿಯ ಮುಂಗಡ ಪ್ರತಿ ಬಂದಾಗ, ಪುಸ್ತಕ ತೆರೆಯುವುದಕ್ಕೂ ಮುಂಚೆ ತೆರೆಯಬೇಕಾದ್ದು ಆ ಹಾಳೆ.